ಒಲೆಯಿಲ್ಲದೆ ಉಕ್ಕಿದ್ದು

ಸಣ್ಣ ಸಾವ್ಕಾರ ಶಶಿಕಾಂತ್ ಆ ಕ್ಯಾನನ್ನು ಹೊತ್ತು ತಂದ ದಿನವೇ ನಾನು ಅದನ್ನು ಚರಂಡಿಗೆ ಸುರಿಯಬೇಕಿತ್ತು. ಸುರಿಯಲಿಲ್ಲ. ನನ್ನ ಗಂಡ ಪ್ರಭು ಕೆಲಸಕ್ಕಿರುವುದು ಅವರ ಮನೆಯ ಎಣ್ಣೆ ಗಿರಣಿಯಲ್ಲಿ. ಸಾವ್ಕಾರರ ಮಗ ನಗುನಗುತ್ತಾ ತಂದದ್ದನ್ನು ಹೊಸ್ತಿಲಲ್ಲೇ ತಡೆಯುವ ಧೈರ್ಯ ನನ್ನ ನಾಲಿಗೆಗೆ ಇದೆ, ಮನೆಯ ಅಕ್ಕಿ ಡಬ್ಬಿಗೆ ಇಲ್ಲ.

ಕ್ಯಾನು ಎಂದರೆ ಬೇರೇನೂ ಅಲ್ಲ, ಚಳ್ಳಕೆರೆಯಲ್ಲಿ ಎಲ್ಲರೂ ಬೈಕಿನ ಮೇಲೆ ಇಟ್ಟುಕೊಂಡು ಹೋಗಿ ಕುಡಿಯುವ ನೀರು ಹಿಡಿದು ತರುವ ಅದೇ ದೊಡ್ಡ ಪ್ಲಾಸ್ಟಿಕ್ ಕ್ಯಾನು. ಒಳಗೆ ಮಾತ್ರ ನೀರಿರಲಿಲ್ಲ. ಹಾಲು ಹಾಕದ ಟೀ ಬಣ್ಣದ ಏನೋ ಇತ್ತು. ಮುಚ್ಚಳಕ್ಕೆ ತೂತು ಕೊರೆದು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕುವಂಥ ಸಣ್ಣ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೀರು ತುಂಬಿದ ಪುಟ್ಟ ಬಾಟಲಿಯಲ್ಲಿ ಮುಳುಗಿಸಿದ್ದ. ಪ್ರಭು ಒಂದು ಕಡೆ, ಅವನೊಂದು ಕಡೆ ಹಿಡಿದು ಹಿಂದಿನ ಕೋಣೆಗೆ ತಂದಿಟ್ಟರು.

"ಇದೇನ್ರಿ ಇದು?" ಅಂದೆ.

"ಏನಿಲ್ಲಕ್ಕ, ಬಾರ್ಲಿ ನೀರು."

"ಬಾರ್ಲಿ ನೀರಾದ್ರೆ ನಿಮ್ಮನೇಲೇ ಇಟ್ಕೊಳ್ರಿ. ನಿಮ್ಮವ್ವಾರಿಗೆ ಕಾಲು ಬಾವು ಬಂದೈತಂತಲ್ಲ, ಅವರಾದ್ರೂ ಕುಡೀಲಿ."

ಶಶಿಕಾಂತ್ ತಲೆ ಕೆರೆದುಕೊಂಡು ನಕ್ಕ. ಸುಳ್ಳು ಹೇಳಲು ಬಾರದ ಹುಡುಗ, ಅದೊಂದು ಒಳ್ಳೆಯ ಗುಣ. ಅದು ಬಿಯರಂತೆ. ಅಂಗಡಿಯದಲ್ಲ, ಮನೆಯಲ್ಲೇ ಮಾಡುವುದಂತೆ. ಮೊಬೈಲಿನಲ್ಲಿ ನೋಡಿ ಕಲಿತು, ಕೊರಿಯರಿನಲ್ಲಿ ಸಾಮಾನು ತರಿಸಿ, ಅವರವ್ವ ಮಠಕ್ಕೆ ಹೋಗಿದ್ದ ಹೊತ್ತಿನಲ್ಲಿ ಅವರ ಅಡಿಗೆಮನೆಯಲ್ಲೇ ಕುದಿಸಿ ಆರಿಸಿ ಅದಕ್ಕೆ ಬೇಕಾದ ಹುಳಿ, ಯೀಸ್ಟ್ ಅಂತಾರಲ್ಲ ಅದನ್ನು, ಹಾಕಿದ್ದನಂತೆ. ಈಗ ಅದು ತಾನಾಗಿ ಹುಳಿಯಬೇಕು. ಸ್ನೇಹಿತರಿಗೆಲ್ಲ ತಾನೇ ಮಾಡಿದ್ದು ಎಂದು ಕೊಡುವ ಆಸೆ. ಅವರಪ್ಪ ಏಕಾಂತಪ್ಪನವರ ಮನೆಯಲ್ಲಿ ಲಿಂಗಪೂಜೆ ಆಗದೆ ನೀರೂ ಬಾಯಿಗೆ ಹೋಗುವುದಿಲ್ಲ. ಅವರ ಹೆಂಡತಿ ಸುಲೋಚನಮ್ಮನ ಮೂಗು ಇಡೀ ಊರಿಗೇ ಗೊತ್ತು. ಎಣ್ಣೆಯ ಹನಿಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿ, ಯಾವ ಕಾಯಿ ಮುಗ್ಗಲು ಹಿಡಿದಿತ್ತು ಎಂದು ಹೇಳುವ ಹೆಂಗಸು ಅವರು. ಆ ಮನೆಯಲ್ಲಿ ಇದು ಒಂದು ದಿನವೂ ಬಚ್ಚಿಟ್ಟುಕೊಳ್ಳಲಾರದು.

"ಅದಕ್ಕೆ ನಮ್ಮನೇನೇ ಬೇಕಾಗಿತ್ತಾ? ಪ್ರಭುನ ಕಥೆ ನಿಮಗೆ ಗೊತ್ತಿಲ್ವಾ?"

"ಗೊತ್ತಿರೋದಕ್ಕೇ ಇಲ್ಲಿ ತಂದಿದ್ದಕ್ಕ. ಪ್ರಭಣ್ಣ ಬಿಟ್ಟೋರು, ಮುಟ್ಟಲ್ಲ. ಬೇರೆಯೋರ ಮನೇಲಿಟ್ರೆ ಉಳಿಯುತ್ತಾ ಹೇಳ್ರಿ? ಸ್ವಲ್ಪ ದಿನ ಅಷ್ಟೆ. ಮುಚ್ಚಳ ತೆಗೀಬ್ಯಾಡ್ರಿ, ಯಾರಿಗೂ ಹೇಳ್ಬ್ಯಾಡ್ರಿ. ಅಬಕಾರಿಯೋರಿಗೆ ಗೊತ್ತಾದ್ರೆ ನಮ್ಮಪ್ಪನಿಗಿಂತ ಮೊದ್ಲು ಅವರು ನನ್ನ ಹಿಡೀತಾರೆ."

ಕುರಿ ಕಾಯಲು ತೋಳನನ್ನು ಇಟ್ಟ ಹಾಗೆ. ತೋಳ ಈಗ ಸೊಪ್ಪು ತಿನ್ನುತ್ತದೆ ಎಂಬ ನಂಬಿಕೆ ಬೇರೆ. ನಾನು ಪ್ರಭುವಿನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ನನ್ನ ಅತ್ತೆ ಚಿಕ್ಕಕ್ಕ ಬಾಗಿಲ ಬಳಿ ನಿಂತು ಮೊಳಕಾಲ್ಮೂರಿನ ಕಡೆಯ ತನ್ನ ತೆಲುಗಿನಲ್ಲಿ ಏನೋ ಗೊಣಗಿ ಒಳಗೆ ಹೋದಳು.

ಪ್ರಭುವಿನ ಕಥೆ ದೊಡ್ಡದೇನಲ್ಲ, ಕುಡುಕರ ಕಥೆಯೆಲ್ಲ ಒಂದೇ. ನಾನು ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಮನೆಗೆ ಬಂದರೆ ಅವನು ಕಟ್ಟೆಯ ಮೇಲೆ ಬಿದ್ದಿರುತ್ತಿದ್ದ. ಹಿಂಡಿ ಚೀಲದ ಸಂದಿಯಲ್ಲಿ ಬಾಟಲಿ ಇಡುತ್ತಿದ್ದ. ನಾನು ಮಟ್ಟ ನೋಡುತ್ತೇನೆಂದು ಗೊತ್ತಾದ ಮೇಲೆ, ಕುಡಿದಷ್ಟಕ್ಕೆ ನೀರು ಬೆರೆಸಿ ಬಾಟಲಿಯನ್ನು ಮೊದಲಿನಂತೆ ತುಂಬಿಸಿ ಇಡುತ್ತಿದ್ದ. ಬಾಯಿ ಮೂಸಿದರೆ ಈರುಳ್ಳಿ ವಾಸನೆ. ಕೇಳಿದರೆ ನಾಯಕನಹಟ್ಟಿ ತಿಪ್ಪೇಸ್ವಾಮಿ ಆಣೆ. ಕೊನೆಗೆ ಒಂದು ದಿನ ನನ್ನ ತವರೂರು ನನ್ನಿವಾಳದಿಂದ ನಮ್ಮಣ್ಣ ದಾಸಣ್ಣನನ್ನು ಕರೆಸಿ, ನಾಲ್ಕು ಜನ ಹಿರಿಯರ ಮುಂದೆ ಹೇಳಿದೆ: ಇನ್ನೊಂದು ಸಲ ಈ ಮನುಷ್ಯ ಕುಡಿದರೆ ನಾನು ತವರಿಗೆ ಹೋಗುತ್ತೇನೆ, ಕರೆಯಲು ಯಾರೂ ಬರುವುದು ಬೇಡ, ಬಂದರೂ ನಾನು ತಿರುಗಿ ಬರುವುದಿಲ್ಲ. ನಾನು ಆಡಿದ ಮಾತು ತಪ್ಪುವವಳಲ್ಲ, ಅದು ಪ್ರಭುವಿಗೂ ಗೊತ್ತು. ಆವತ್ತಿನಿಂದ ಅವನು ಬಿಟ್ಟ. ಎರಡು ಉಗಾದಿ ದಾಟಿದವು. ನಾನು ಬಾಯಿ ಮೂಸುವುದನ್ನೂ ಬಿಟ್ಟೆ, ನೆಮ್ಮದಿಯಿಂದ ನಿದ್ದೆ ಮಾಡುವುದನ್ನು ಮಾತ್ರ ಇನ್ನೂ ಕಲಿತಿರಲಿಲ್ಲ.

ಇಂಥ ಮನೆಯ ಹಿಂದಿನ ಕೋಣೆಯಲ್ಲಿ ಈಗ ಒಂದು ಕ್ಯಾನು ಬಿಯರು.

ಅದರಲ್ಲಿ ನನಗೆ ಮೆಚ್ಚಿಗೆಯಾದದ್ದು ಒಂದೇ. ಕ್ಯಾನು ಕುತ್ತಿಗೆಮಟ್ಟ ತುಂಬಿತ್ತು. ನಮ್ಮೂರಿನಲ್ಲಿ ಪಾತ್ರೆಯನ್ನು ಕೊರೆಯಾಗಿ, ಅರೆಬರೆ ತುಂಬಿಸಿ ಯಾರೂ ಬಿಡುವುದಿಲ್ಲ. ನಲ್ಲಿ ಬಂದಾಗ ಲೋಟ ಚೊಂಬುಗಳನ್ನೂ ಬಿಡದೆ ತುಂಬಿಸುವ ಜನ ನಾವು. ಖಾಲಿ ಕೊಡ ಎದುರಾದರೆ ಹೊರಟ ಕೆಲಸ ಬಿಟ್ಟು ಹಿಂದೆ ಬರುತ್ತೇವೆ. ಶಶಿಕಾಂತ್ ಎಣ್ಣೆಯವರ ಮನೆಯ ಹುಡುಗ. ಡಬ್ಬಿ ಎರಡು ಬೆರಳು ಕಡಿಮೆ ಕಂಡರೆ ಗಿರಾಕಿ ಏನೆಂದು ಬೈಯುತ್ತಾನೆಂದು ತೊಟ್ಟಿಲಲ್ಲೇ ಕಲಿತವನು. ಅವನೂ ಇನ್ನೊಂದು ಹನಿ ಹಿಡಿಸದಷ್ಟು ತುಂಬಿಸಿದ್ದ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ಹಾಗೇ ಗಂಭೀರವಾಗಿ ಕೂತಿತ್ತು. ಒಳ್ಳೆಯದೇ ಆಯಿತು ಅಂದುಕೊಂಡೆ. ಗೆರೆ ಎಳೆದು ಗುರುತು ಮಾಡುವ ಕಷ್ಟವಿಲ್ಲ. ಯಾರಾದರೂ ಒಂದು ಲೋಟ ಬಗ್ಗಿಸಿದರೂ ಕಣ್ಣಿಗೆ ಕಾಣುತ್ತದೆ.

ಯಾರಾದರೂ ಎಂದರೆ ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮಾರನೆಯ ದಿನ ಶನಿವಾರ, ಶಾಲೆ ಅರ್ಧ ದಿನ. ಶಿವರಾತ್ರಿ ಕಳೆದ ಮೇಲೆ ನಮ್ಮೂರ ಬಿಸಿಲು ಕೇಳಬೇಕೆ, ತಗಡಿನ ಮನೆಯೊಳಗೆ ಹಪ್ಪಳ ತಾನಾಗಿ ಸುಟ್ಟುಕೊಳ್ಳುತ್ತದೆ. ಮಕ್ಕಳಿಗೆ ಊಟ ಬಡಿಸಿ, ಹಂಡೆ ತಿಕ್ಕಿಟ್ಟು ಮನೆಗೆ ಬಂದೆ. ಅತ್ತೆ ಮುಂದಿನ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಪ್ರಭು ಉಣ್ಣಾಕ್ ಬಂದಾನೆ. ಬಂದೋನು ಈಟೊತ್ತಾದ್ರೂ ಒಳಗಿಂದ ಹೊರಗೆ ಬಂದಿಲ್ಲ," ಅಂದಳು.

ನಾನು ಚಪ್ಪಲಿ ಬಿಡದೆ ಹಿಂದಿನ ಕೋಣೆಗೆ ಹೋದೆ.

ಪ್ರಭು ಮೊಣಕಾಲೂರಿ ಕೂತಿದ್ದ. ಕ್ಯಾನಿನ ಮುಚ್ಚಳ ನೆಲದ ಮೇಲಿತ್ತು. ಕೈಯಲ್ಲಿ ತಂಬಿಗೆ ಹಿಡಿದು, ಹನಿ ಚೆಲ್ಲದಂತೆ ಎಚ್ಚರವಾಗಿ, ಕ್ಯಾನಿನೊಳಗೆ ನೀರು ಹುಯ್ಯುತ್ತಿದ್ದ. ನೆಲವನ್ನು ಆಗತಾನೇ ಒರೆಸಿ ಪಳಪಳ ಮಾಡಿದ್ದ. ಮದುವೆಯಾದಾಗಿನಿಂದ ಆ ಮನುಷ್ಯ ಒಂದು ನೆಲ ಒರೆಸಿದ್ದನ್ನು ನಾನು ಕಂಡಿರಲಿಲ್ಲ. ಅಂಗಿ ಎದೆಯ ಮೇಲೆಲ್ಲ ಒದ್ದೆ. ಕೋಣೆ ತುಂಬ ಹುಳಿ ಹಿಟ್ಟಿನ ವಾಸನೆ, ಅದರ ಹಿಂದೆಯೇ ಬಾರಿನ ಬಾಗಿಲಲ್ಲಿ ಬರುವ ಆ ವಾಸನೆ.

"ಏನ್ ಮಾಡ್ತಿದ್ದೀಯ?"

ತಂಬಿಗೆ ಕೈ ಜಾರಿ ಉರುಳಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನು ಎರಡೂ ಕೈಗಳಿಂದ ಅಂಗಿಯ ಎದೆಯನ್ನು ಮುಚ್ಚಿಕೊಂಡ.

"ಲೇ, ನೀನು ಅಂದ್ಕೊಂಡಂಗಲ್ಲ. ಉಕ್ಕಿಬಿಡ್ತು."

"ಏನು ಉಕ್ತು?"

"ಇದೇ. ನಾನು ಬಂದಾಗ ಮುಚ್ಚಳದ ಸಂದೀಲಿ ನೊರೆ ಬಂದು ನೆಲ ಎಲ್ಲ ಹರಿದಿತ್ತು. ಒಳಗೆ ನಾಕು ಬೆರಳು ಕಮ್ಮಿ ಆಗಿತ್ತು. ನೀನು ಬಂದು ನೋಡಿದ್ರೆ ಕುಡ್ದಾನೆ ಅಂತೀಯ ಅಂತ ಒರೆಸಿ, ನೀರು ತುಂಬಿಸ್ತಿದ್ದೆ."

ಕಮ್ಮಿಯಾದದ್ದಕ್ಕೆ ನೀರು ಬೆರೆಸುವ ಅದೇ ಹಳೆಯ ಕಸುಬು. ಆಗ ಬಾಟಲಿ, ಈಗ ಕ್ಯಾನು.

"ಒಲೆ ಎಲ್ಲೈತೆ?" ಅಂದೆ.

"ಆಂ?"

"ಉಕ್ಕಬೇಕಾದ್ರೆ ಕೆಳಗೆ ಒಲೆ ಇರಬೇಕಲ್ಲ. ದಿನಾ ಇನ್ನೂರು ಮಕ್ಕಳಿಗೆ ಅನ್ನ ಬೇಯ್ಸೋಳು ನಾನು. ಉಕ್ಕೋದು ಅಂದ್ರೆ ಏನು ಅಂತ ನನಗೆ ಹೇಳಿಕೊಡ್ತೀಯಾ?"

"ದೋಸೆ ಹಿಟ್ಟು ಉಕ್ಕಲ್ವೇನೇ? ಅದಕ್ಕೆ ಒಲೆ ಐತಾ?"

"ದೋಸೆ ಹಿಟ್ಟು ಉಕ್ಕಿದ್ರೆ ನಿನ್ನ ಅಂಗಿ ಯಾಕೆ ನಾರಬೇಕು?"

ಕುಡಿಯುತ್ತಿದ್ದ ದಿನಗಳಲ್ಲೂ ಅವನ ಬಾಯಲ್ಲಿ ಇಂಥ ಉತ್ತರಗಳು ಸಿದ್ಧವಾಗಿರುತ್ತಿದ್ದವು. ಹಾಗಾಗಿ ಉತ್ತರ ಸರಿಯಾಗಿದ್ದಷ್ಟೂ ನನ್ನ ಅನುಮಾನ ಗಟ್ಟಿಯಾಯಿತು. ಇದಕ್ಕೆ ನಾನೇನೂ ನಾಚಿಕೊಳ್ಳುವುದಿಲ್ಲ. ಹತ್ತು ವರ್ಷ ಸುಳ್ಳು ಕೇಳಿದ ಕಿವಿಗೆ ನಿಜವನ್ನು ಗುರುತಿಸುವುದು ಮರೆತುಹೋಗಿರುತ್ತದೆ, ಅದು ಕಿವಿಯ ತಪ್ಪಲ್ಲ.

ಗಲಾಟೆ ಕೇಳಿ ಅತ್ತೆ ಬಂದಳು. ಅವಳು ನ್ಯಾಯ ಮಾಡುವ ರೀತಿ ನೇರ. "ಬಾಯಿ ಮೂಸಿ ನೋಡೇ. ಕುಡ್ದಿದ್ರೆ ಗೊತ್ತಾಗಲ್ವಾ?" ಅಂದಳು. ಪ್ರಭು ಆಸ್ಪತ್ರೆಯಲ್ಲಿ ತೋರಿಸುವವನಂತೆ ಬಾಯಿ ತೆರೆದ. ಮೂಸಿದೆ. ಈರುಳ್ಳಿ.

"ಬೆಳಿಗ್ಗೆ ಎಲ್ಲಾರೂ ರೊಟ್ಟಿ ತಿಂದ್ವಿ ಗಿರಣೀಲಿ, ಈರುಳ್ಳಿ ಕಡ್ಕೊಂಡು," ಅಂದ. ಹೇಳುತ್ತಿದ್ದಂತೆ ಅವನಿಗೇ ಅದು ಹೇಗೆ ಕೇಳಿಸುತ್ತದೆಂದು ಗೊತ್ತಾಗಿ ಬಾಯಿ ಮುಚ್ಚಿಕೊಂಡ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಪಾಡು. ಅವನ ಬಾಯಿ, ಅಂಗಿ, ಒರೆಸಿದ ನೆಲ ಎಲ್ಲವೂ ಅವನ ವಿರುದ್ಧ ಸಾಕ್ಷಿ ಹೇಳುತ್ತಿದ್ದವು.

"ಮುಚ್ಚಳ ಹಾಕು. ಇನ್ನು ನಿನ್ನ ಹತ್ರ ಮಾತಿಲ್ಲ," ಅಂದೆ.

ಅವನು ಮುಚ್ಚಳವನ್ನು ಅಂಗೈಯಿಂದ ಗುದ್ದಿ ಬಿಗಿಮಾಡಿದ. ಮತ್ತೆ ಸೋರಿ ಮತ್ತೆ ಅನುಮಾನ ಬರಬಾರದೆಂದು ಅಷ್ಟು ಬಿಗಿ. ಆಮೇಲೆ ಮುಂದಿನ ಕಟ್ಟೆಗೆ ಹೋಗಿ ತಲೆ ತಗ್ಗಿಸಿ ಕೂತ. ಗಿರಣಿಗೂ ಹೋಗಲಿಲ್ಲ.

ನಾನು ಬ್ಯಾಗಿಗೆ ಸೀರೆ ತುರುಕಿದೆ. ಆದರೆ ಹಾಗೇ ಹೊರಟುಬಿಡಲು ಆಗಲಿಲ್ಲ. ಅತ್ತೆಗೆ ಹಲ್ಲಿಲ್ಲ, ನನ್ನ ಕೈಯ ಮುದ್ದೆಯೇ ಅವಳಿಗೆ ಊಟ. ಮಗ ಹಾಳಾದರೆ ಅವಳೇಕೆ ಉಪವಾಸ ಬೀಳಬೇಕು? ಒಲೆ ಹಚ್ಚಿ ಎಸರಿಟ್ಟೆ. ಹಿಟ್ಟು ಹಾಕಿ ಕೋಲಿನಿಂದ ತಿರುವುವಾಗ ಅತ್ತೆಯ ಮುದ್ದೆಯ ಮೇಲೆ ನನ್ನ ಸಿಟ್ಟೆಲ್ಲ ಇಳಿಯಿತು. ಅಷ್ಟು ನುಣ್ಣನೆಯ ಮುದ್ದೆ ನಾನು ಹಿಂದೆಂದೂ ಮಾಡಿರಲಿಲ್ಲ ಎಂದು ಅವಳು ಆಮೇಲೆ ಬೀದಿಯವರಿಗೆಲ್ಲ ಹೇಳಿದಳು.

ಮುದ್ದೆ ತಿರುವುತ್ತಿರುವಾಗ ಹಿಂದಿನ ಕೋಣೆಯಿಂದ ಗುಳುಗುಳು ಸದ್ದು ಬರುತ್ತಿತ್ತು. ಸಣ್ಣ ಪೈಪಿನಿಂದ ಬಾಟಲಿಯ ನೀರಿಗೆ ಗಾಳಿ ಹೋಗುವ ಸದ್ದು. ಮೊದಲ ದಿನ ಆಗೊಂದು ಈಗೊಂದು ಇತ್ತು, ಈಗ ಒಂದೇ ಸಮನೆ. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತಿತು. ಒಳ್ಳೆಯದೇ ಆಯಿತು, ಪೀಡೆ ಸತ್ತಿತು ಅಂದುಕೊಂಡೆ. ಪೈಪಿಗೆ ನೊರೆಯ ಗಷ್ಟು ಕಟ್ಟಿಕೊಂಡು ಗಾಳಿಗೆ ದಾರಿ ಇಲ್ಲದೆ ಒಳಗೇ ಬಿಗಿಯುತ್ತಿದೆ ಎಂದು ನನಗೆ ಯಾರು ಹೇಳಿದ್ದರು?

ಮುದ್ದೆ ತಟ್ಟೆಗಿಟ್ಟು ಬ್ಯಾಗು ಎತ್ತಿಕೊಂಡೆ. ಅತ್ತೆ ಬಾಗಿಲಿಗೆ ಅಡ್ಡ ನಿಂತು ಬ್ಯಾಗಿನ ಇನ್ನೊಂದು ಹಿಡಿ ಹಿಡಿದುಕೊಂಡಳು.

"ನಾಳೆ ಹೋಗಮ್ಮ. ಸಿಟ್ಟಿನಾಗೆ ಕೊಯ್ದ ಮೂಗು ಶಾಂತಿ ಬಂದ ಮ್ಯಾಲೆ ಕೂಡಿಕೊಳ್ತದಾ?"

"ಬಿಡ್ರಿ ಅತ್ತೆ. ಮೂಗು ಕೊಯ್ದಿರೋದು ನಿಮ್ಮ ಮಗ."

ಪ್ರಭು ಕಟ್ಟೆಯಿಂದ ಎದ್ದು ನಿಂತ. ತಡೆಯಲು ಬರಲಿಲ್ಲ. "ಬಸ್‌ಸ್ಟ್ಯಾಂಡ್ ತನಕ ಬ್ಯಾಗ್ ತರ್ತೀನಿ," ಅಂದ. ಅವನ ಮುಖ ಬೂದಿಯಂತಾಗಿತ್ತು. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆಗ ಒಳಗೆ ಢಬ್ ಎಂದಿತು.

ಅದರ ಹಿಂದೆಯೇ ತಗಡಿನ ಮಾಡಿಗೆ ಏನೋ ಬಡಿದ ಸದ್ದು. ಅತ್ತೆ ಬ್ಯಾಗು ಬಿಟ್ಟು ಕಿವಿ ಮುಚ್ಚಿಕೊಂಡಳು. ಗ್ಯಾಸ್ ಸಿಲಿಂಡರ್ ಎಂದುಕೊಂಡು ನಾನು ಓಡಿದೆ. ಸಿಲಿಂಡರ್ ಇದ್ದಲ್ಲೇ ಇತ್ತು. ಹಿಂದಿನ ಕೋಣೆಯಲ್ಲಿ ಕ್ಯಾನಿನ ಮುಚ್ಚಳ ಇರಲಿಲ್ಲ. ಕ್ಯಾನಿನ ಬಾಯಿಂದ ಕಂದು ಬಣ್ಣದ ನೊರೆ ಎದ್ದೆದ್ದು ಬರುತ್ತಿತ್ತು. ಬಿಸಿಯೂಟದ ಹಂಡೆಯಲ್ಲಿ ಅನ್ನ ಉಕ್ಕಿ ಬರುವ ಹಾಗೇ, ಒಂದು ಗುಡ್ಡೆ ಜಾರಿ ಇಳಿಯುವಷ್ಟರಲ್ಲಿ ಇನ್ನೊಂದು ಗುಡ್ಡೆ. ಗೋಡೆಗೆ ಹಾರಿತ್ತು, ಅಕ್ಕಿ ಡಬ್ಬಿಯ ಮೇಲೆ ಬಿದ್ದಿತ್ತು, ನೆಲದ ಮೇಲೆ ಹರಿದು ನನ್ನ ಕಾಲ ಬೆರಳಿಗೆ ಬಂದು ಮುಟ್ಟಿತು. ತಣ್ಣಗಿತ್ತು. ಬಗ್ಗಿ ನೋಡಿದೆ. ಕೆಳಗೆ ಒಲೆ ಇರಲಿಲ್ಲ, ಬೆಂಕಿ ಇರಲಿಲ್ಲ, ಬರಿ ನೆಲ.

ಪ್ರಭು ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ. ಪೊಲೀಸರ ಮುಂದೆ ನಿಂತವನಂತೆ ಎರಡೂ ಕೈ ಮೇಲೆತ್ತಿದ್ದ.

"ನಾನು ಮುಟ್ಟಿಲ್ಲ. ನೋಡು, ನಾನು ಇಲ್ಲೇ ಇದ್ದೀನಿ. ಮುಟ್ಟಿಲ್ಲ."

ನನಗೆ ನಗು ಬಂತು. ಎಂಥ ನಗು ಎಂದರೆ ಗೋಡೆಗೆ ಒರಗಿ, ಆ ನೊರೆಯಲ್ಲೇ ಜಾರಿ ಕೂತು ನಕ್ಕೆ. ಸೀರೆಯೆಲ್ಲ ಬಿಯರಾಯಿತು. ನಗುತ್ತಾ ನಗುತ್ತಾ ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಎದೆಯ ಮೇಲಿಂದ ಯಾರೋ ಬೀಸುವ ಕಲ್ಲು ಎತ್ತಿಟ್ಟ ಹಾಗಾಯಿತು. ಕುಡಿದಿಲ್ಲ. ನನ್ನ ಗಂಡ ಕುಡಿದಿಲ್ಲ. ಆ ಹಾಳು ನೊರೆಗೆ ಕೈಮುಗಿಯೋಣ ಅನ್ನಿಸಿತು.

ಅತ್ತೆ ಮಾತ್ರ ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಿದ್ದಳು. "ಎಂತ ಪೊಂಗಿಂದೋ!" ಅಂದಳು. ಎಷ್ಟು ಉಕ್ಕಿತಪ್ಪಾ ಎಂದು ಅವಳ ತೆಲುಗಿನಲ್ಲಿ. ಹೊಸ ಮನೆಯಲ್ಲಿ ಹಾಲು ಉಕ್ಕಿದರೆ ಒಳ್ಳೆಯದು, ಇದು ಉಕ್ಕಿದರೆ ಏನಾಗುತ್ತದೆ ಎಂದು ಅವಳಿಗೆ ಅನುಮಾನ.

"ನೊರೆ ಬಂದಾಗಲೇ ನನ್ನ ಕರೀಬಾರದಿತ್ತಾ? ಶಾಲೆ ಏನು ಬಳ್ಳಾರಿಯಲ್ಲೈತಾ?" ಎಂದು ಪ್ರಭುವಿಗೆ ಗದರಿದೆ.

"ಕರೆದಿದ್ರೆ ನಂಬ್ತಿದ್ದೆಯಾ?"

ನಂಬುತ್ತಿರಲಿಲ್ಲ. ಹಾಗಂತ ಅವನಿಗೆ ಹೇಳಲಿಲ್ಲ. "ಮೊದ್ಲು ಆ ಸಣ್ಣ ಸಾವ್ಕಾರಗೆ ಫೋನ್ ಹಚ್ಚು," ಅಂದೆ.

ಶಶಿಕಾಂತ್ ಫೋನಿನಲ್ಲಿ ಮೊದಲು ಕೇಳಿದ್ದು, ಬಿಯರ್ ಎಷ್ಟು ಉಳಿದಿದೆ ಎಂದು. ನನ್ನಿಂದ ನಾಲ್ಕು ಮಾತು ಬಿದ್ದ ಮೇಲೆ ದಾರಿಗೆ ಬಂದ. ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಮೇಲೆ ಕಾಲುಭಾಗ ಖಾಲಿ ಬಿಡಬೇಕು ಎಂದು ಮೊಬೈಲಿನಲ್ಲಿ ಹೇಳಿದ್ದರಂತೆ, ಕೊರೆ ಕ್ಯಾನು ನೋಡಲು ಇವನಿಗೇ ಮನಸ್ಸು ಬರಲಿಲ್ಲವಂತೆ. ಈ ಬಿಸಿಲಿಗೆ ಹುಳಿ ಹುಚ್ಚೆದ್ದು ಕೆಲಸ ಮಾಡುತ್ತದಂತೆ. ಮುಚ್ಚಳ ಬಿಗಿ ಮಾಡಲೇಬಾರದು, ಸಣ್ಣ ಪೈಪು ತೆಗೆದು ದಪ್ಪ ಪೈಪು ಹಾಕಿ ಅದರ ತುದಿಯನ್ನು ನೀರಿನ ಬಕೆಟ್ಟಿನಲ್ಲಿ ಇಡಬೇಕು, ನೊರೆ ಅದರಲ್ಲಿ ಹೋಗಿ ಬೀಳುತ್ತದೆ. ಕ್ಯಾನು ತಣ್ಣಗಿರಬೇಕು.

"ಒಂದಿಷ್ಟು ಬಗ್ಗಿಸಿ ಚೆಲ್ಲಿದ್ರೆ ಜಾಗ ಆಗುತ್ತಲ್ಲ?" ಅಂದೆ.

"ಅಯ್ಯೋ ಚೆಲ್ಲಬ್ಯಾಡಕ್ಕ!"

ಫೋನು ಇಟ್ಟು ಮೊದಲು ಚೆಲ್ಲುವ ಕೆಲಸ ಮಾಡಿದೆ. ಪ್ರಭು ಕ್ಯಾನನ್ನು ಓರೆ ಮಾಡಿ ಹಿಡಿದ, ನಾನು ಬೋಗುಣಿಗೆ ಹಿಡಿದು ಹಿತ್ತಲ ಚರಂಡಿಗೆ ಸುರಿದೆ. ಕುತ್ತಿಗೆಯಿಂದ ಎದೆಗೆ ಇಳಿಯುವವರೆಗೆ. ಕಂಠಮಟ್ಟ ಉಂಡವನಿಗೂ ತೇಗಲು ಜಾಗ ಬೇಕಲ್ಲ. ಪಕ್ಕದ ಮನೆಯ ಚಂದ್ರಣ್ಣ ಗಾರೆ ಕೆಲಸದವನು, ಗೋಡೆಯ ಮಟ್ಟ ನೋಡುವ ಅವನ ಲೆವೆಲ್ ಪೈಪಿನಲ್ಲಿ ಒಂದು ತುಂಡು ಕೊಯ್ದು ಕೊಟ್ಟ. ಏನಕ್ಕೆ ಎಂದು ಕೇಳಿದ. ಅತ್ತೆಗೆ ಹೊಟ್ಟೆ ಸರಿಯಿಲ್ಲ ಅಂದೆ. ಪಾಪ, ಹೆಚ್ಚು ಕೇಳಲಿಲ್ಲ.

ಪ್ರಭು ಮಾಡಿನ ಕೆಳಗೆ ಬಿದ್ದಿದ್ದ ಮುಚ್ಚಳ ಹುಡುಕಿ, ತೊಳೆದು, ತೂತನ್ನು ಚಾಕುವಿನಿಂದ ದೊಡ್ಡದು ಮಾಡಿ ಪೈಪು ತೂರಿಸಿದ. ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆವು. ಗೋಣಿಚೀಲ ನೆನೆಸಿ ಕ್ಯಾನಿಗೆ ಸುತ್ತಿದೆವು. ಇಬ್ಬರೂ ಪೈಪನ್ನೇ ನೋಡುತ್ತಾ ಕೂತೆವು. ನೊರೆ ಮತ್ತೆ ಎದ್ದಿತು, ಮೇಲೆ ಬಂತು, ಪೈಪಿನೊಳಗೆ ನುಗ್ಗಿತು, ಬಕೆಟ್ಟಿಗೆ ಹೋಗಿ ಬಿತ್ತು. ಬುಳುಕ್, ಬುಳುಕ್ ಎಂದು ದೊಡ್ಡ ಗುಳ್ಳೆಗಳು. ನೆಲಕ್ಕೆ ಒಂದು ಹನಿಯೂ ಇಲ್ಲ. ಪ್ರಭು ಗೋಡೆಗೊರಗಿ ಕಣ್ಣು ಮುಚ್ಚಿದ. ಗದ್ದಲದ ಮನೆಯಲ್ಲಿ ಮಗು ಕೊನೆಗೂ ಮಲಗಿದಾಗ ತಾಯಿ ಕೂರುತ್ತಾಳಲ್ಲ, ಹಾಗೆ ಇಬ್ಬರೂ ಕೂತಿದ್ದೆವು. ಬ್ಯಾಗಿನಿಂದ ಸೀರೆಗಳನ್ನು ಅತ್ತೆಯೇ ತೆಗೆದು ಮಡಿಸಿಟ್ಟಿದ್ದಳು.

ಬಿಸಿಲು ಇಳಿದ ಮೇಲೆ ಶಶಿಕಾಂತ್ ಬಂದ. ಕ್ಯಾನಿನ ಸುತ್ತ ಒಂದು ಸುತ್ತು ಹಾಕಿ, ಪೈಪಿಗೆ ಮೂಗಿಟ್ಟು ಮೂಸಿದ. ಅವರವ್ವನ ಮೂಗೇ. "ಕೆಟ್ಟಿಲ್ಲ! ಸ್ವಲ್ಪ ತೆಳ್ಳಗಾಗಿರುತ್ತೆ, ಅಷ್ಟೆ. ಇಷ್ಟು ಜೋರಾಗಿ ಉಕ್ಕಿದೆ ಅಂದ್ರೆ ಚೆನ್ನಾಗೇ ಹುಳೀತಿದೆ ಅಂತ ಅರ್ಥ," ಎಂದು ಕುಣಿದ. "ಅಕ್ಕ, ಪ್ರಭಣ್ಣ, ನೀವಿಬ್ರೂ ಇಲ್ದಿದ್ರೆ ಎಲ್ಲಾ ಹೋಗ್ಬಿಡ್ತಿತ್ತು. ಇನ್ನೇನೂ ತೊಂದ್ರೆ ಇಲ್ಲ. ಇಲ್ಲೇ ಇರ್ಲಿ."

ಬೈಯಲು ನಾನು ಬಾಯಿ ತೆರೆದಿದ್ದೆ. ಸಾವ್ಕಾರರೂ ಬೇಡ, ಗಿರಣಿಯೂ ಬೇಡ ಎಂಬಷ್ಟು ಮಾತುಗಳು ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅಷ್ಟರಲ್ಲಿ ಪ್ರಭು ಮಾತಾಡಿದ.

"ಬ್ಯಾಡ ಸಣ್ಣ ಸಾವ್ಕಾರ್ರೇ. ಇವತ್ತೇ ತಗಂಡು ಹೋಗ್ರಿ."

"ಯಾಕೆ ಪ್ರಭಣ್ಣ? ಈಗ ಎಲ್ಲಾ ಸರಿ ಹೋಯ್ತಲ್ಲ?"

"ಕ್ಯಾನು ಸರಿ ಹೋತು." ಪ್ರಭು ತನ್ನ ಬಲಗೈ ನೋಡಿಕೊಂಡ. "ಮಧ್ಯಾಹ್ನ ನೆಲದ ಮ್ಯಾಲಿನ ನೊರೆ ಬಳಿಯೋವಾಗ ಬಟ್ಟೆ ಸಾಲಲಿಲ್ಲ, ಕೈಲೇ ಬಳಿದೆ. ಒಂದು ಸಲ ಬೆರಳು ತುಟಿ ಹತ್ರ ಬಂದಿತ್ತು. ನಾನು ತಂದಿದ್ದಲ್ಲ, ಅದೇ ಬಂತು. ಇಲ್ಲಿ ತನಕ." ಬೆರಳನ್ನು ಗಲ್ಲದ ಹತ್ತಿರ ಹಿಡಿದು ತೋರಿಸಿದ. "ಓಡಿಹೋಗಿ ಕೈ ತೊಳ್ಕಂಡೆ. ಅದಕ್ಕೇ ಅಷ್ಟು ಗಡಿಬಿಡಿಯಾಗಿ ನೆಲ ಒರೆಸಿದ್ದು. ಇವಳ ಭಯಕ್ಕೆ ಅಂತ ಹೇಳಿದ್ನಲ್ಲ, ಅದು ಅರ್ಧ ನಿಜ. ನಿನ್ನೆಯಿಂದ ಆ ವಾಸನೆ ಬಂದಾಗಲೆಲ್ಲ ನನಗೆ ಬೇಕು ಅನ್ಸ್ತೈತೆ. ಕುಡಿದಿಲ್ಲ. ಆದ್ರೆ ಬೇಕು ಅನ್ಸ್ತೈತೆ."

ಶಶಿಕಾಂತ್‌ನ ಮುಖದ ನಗು ಇಳಿಯಿತು. "ತಪ್ಪಾಯ್ತು ಪ್ರಭಣ್ಣ," ಅಂದ. ಆಟೊ ಕರೆದು ತಂದ. ರಾಂಪುರದ ದಾರಿಯಲ್ಲಿ ಅವನ ಸ್ನೇಹಿತನ ತೋಟದ ಮನೆ ಇದೆಯಂತೆ. ಬಕೆಟ್ಟು, ಪೈಪು, ಒದ್ದೆ ಗೋಣಿಚೀಲದ ಸಮೇತ ಕ್ಯಾನನ್ನು ಅವನೂ ಆಟೊದವನೂ ಎತ್ತಿಕೊಂಡು ಹೋದರು. ಪ್ರಭುವನ್ನು ಹಿಡಿಯಲು ಕರೆಯಲಿಲ್ಲ. ಆ ಹುಡುಗನಿಗೆ ಅಷ್ಟು ಬುದ್ಧಿ ಬಂದದ್ದು ಕಂಡು ನನ್ನ ಸಿಟ್ಟು ಅರ್ಧ ಇಳಿಯಿತು.

ಆಟೊ ಹೋದ ಮೇಲೆ ನಾನು ಹಾಗೇ ನಿಂತಿದ್ದೆ. ಕುಡಿಯುತ್ತಿದ್ದ ಅಷ್ಟು ವರ್ಷಗಳಲ್ಲಿ ಈ ಮನುಷ್ಯ ಒಂದು ಸಲವೂ ಬೇಕು ಅನ್ನಿಸುತ್ತದೆ ಎಂದು ನನ್ನ ಮುಂದೆ ಹೇಳಿರಲಿಲ್ಲ. ಅದರ ಕಡೆ ತಿರುಗಿಯೂ ನೋಡುವುದಿಲ್ಲ, ಅದರ ಹೆಸರು ಕೇಳಿದರೆ ವಾಂತಿ ಬರುತ್ತದೆ ಎಂದೇ ಹೇಳುತ್ತಿದ್ದ. ಬಿಟ್ಟ ಮೇಲೂ ಹಾಗೇ ಹೇಳುತ್ತಿದ್ದ, ನಾನು ಅದಕ್ಕೇ ನಿದ್ದೆಯಿಲ್ಲದೆ ಹೊರಳುತ್ತಿದ್ದೆ. ಅವನು ಇವತ್ತು ಕುಡಿದಿಲ್ಲ ಎಂದು ನೊರೆ ಹೇಳಿತು. ಸುಳ್ಳು ಹೇಳುವುದನ್ನೂ ಬಿಟ್ಟಿದ್ದಾನೆ ಎಂದು ಅವನ ಮಾತೇ ಹೇಳಿತು. ನನಗೆ ಬೇಕಾಗಿದ್ದದ್ದು ಈ ಎರಡನೆಯದು.

ಪ್ರಭು ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಹೋಗಿ ಕೂತೆ. ನನ್ನ ಸೀರೆಯಿಂದಲೂ ಅದೇ ವಾಸನೆ ಬರುತ್ತಿತ್ತು. ಗೊತ್ತಾದ ತಕ್ಷಣ ಎದ್ದು ಹೋಗಿ ಬೇರೆ ಸೀರೆ ಉಟ್ಟು ಬಂದು ಮತ್ತೆ ಕೂತೆ.

"ಇನ್ಮ್ಯಾಲೆ ಹಂಗೆ ಬೇಕು ಅನ್ಸಿದಾಗ ನನಗೆ ಹೇಳ್ತೀಯಾ?" ಅಂದೆ.

"ಹೇಳಿದ್ರೆ ಬೈತೀಯ."

"ಬೈತೀನಿ. ಬೈಸ್ಕಂಡಾದ್ರೂ ಹೇಳು."

ಅವನು ತಲೆಯಾಡಿಸಿದ. ಬೀದಿಯ ಕಡೆ ನೋಡುತ್ತಲೇ, "ಈಗಲೂ ಅನ್ಸ್ತೈತೆ," ಅಂದ.

ನಾನು ಚೆನ್ನಾಗಿ ಬೈದೆ. ಆವತ್ತು ರಾತ್ರಿ ಇಬ್ಬರಿಗೂ ಒಳ್ಳೆಯ ನಿದ್ದೆ ಬಂತು.